ಪೊಟ್ಟಣದೊಳಗಿನ ಬೆಳ್ಳಿತೆರೆ



ಅರಕಲಗೂಡು ಸೀಮೆಯವರಿಗೆ ರಾಮನಾಥಪುರ ಅಂದ ಕೂಡಲೇ ಎರಡು ನೆನಪಾಗುತ್ತವೆ. ಕಾವೇರಿ ದಡದ ಸುಬ್ರಹ್ಮಣ್ಯಸ್ವಾಮಿಯ ಷಷ್ಠಿ ತೇರು ಒಂದು, ತಂಬಾಕು ಹರಾಜು ಮಾರುಕಟ್ಟೆ ಇನ್ನೊಂದು. ಸಸಿಮಡಿ ಮಾಡಿ, ನಾಟಿ ಹಾಕಿ, ಎಲೆ ಮುರಿದು, ಕಡ್ಡಿಗೆ ಕಟ್ಟಿ, ರಾತ್ರಿಯೆಲ್ಲ ಬ್ಯಾರನ್ ಮುಂದೆ ಕೂತು ಸೌದೆ ಒಟ್ಟಿ ಹೊಗೆಸೊಪ್ಪು ಬೇಯಿಸಿದವರು ಈಗ ಈ ಮಾತು ಕೇಳುತ್ತಿರುವವರಲ್ಲೂ ಇದ್ದೀರಿ. ಬೇಲು ಕಟ್ಟಿ ಮಾರಿದ ಮೇಲೆ ಆ ಸೊಪ್ಪು ಎಲ್ಲಿಗೆ ಹೋಗುತ್ತದೆ, ಸೇದುವವರ ಎದೆಗೆ ಏನು ಮಾಡುತ್ತದೆ ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ. ನಾನು ಇವತ್ತು ಹೇಳಹೊರಟಿರುವುದು ಬೇರೆ. ಒಂದು ಕಾಲಕ್ಕೆ ಸಿಗರೇಟು ಪೊಟ್ಟಣ ಒಡೆದರೆ ಅದರೊಳಗೆ ಒಂದು ಪುಟ್ಟ ಬಣ್ಣದ ಚಿತ್ರ ಇರುತ್ತಿತ್ತು. ಆ ಚಿತ್ರದಲ್ಲಿ ಸಿನಿಮಾ ತಾರೆ ಇರುತ್ತಿದ್ದರು. ಹಾಗೂ ಅದೇ ಬಗೆಯ ಪುಟ್ಟ ಕಾಗದಗಳು ನಮ್ಮ ಹಾಸನ ಜಿಲ್ಲೆಯ ಮನೆಗಳಲ್ಲೂ ಇನ್ನೊಂದು ರೂಪದಲ್ಲಿ ಇದ್ದವು, ಈಗಲೂ ಕೆಲವು ಟ್ರಂಕುಗಳಲ್ಲಿ ಇವೆ.

ಸಿಗರೇಟು ಪೊಟ್ಟಣದೊಳಗಿನ ಆ ಚಿತ್ರದ ಕಾರ್ಡು ಹುಟ್ಟಿದ ಕಾರಣ ಬಹಳ ಸರಳ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಸಿಗರೇಟನ್ನು ಮೆತ್ತನೆಯ ಕಾಗದದ ಪೊಟ್ಟಣದಲ್ಲಿ ಮಾರುತ್ತಿದ್ದರು. ಜೇಬಿನಲ್ಲಿಟ್ಟರೆ ಸಿಗರೇಟು ಬಾಗಿ ಮುರಿಯುತ್ತಿತ್ತು. ಅದಕ್ಕೆ ಆಸರೆಯಾಗಿ ಒಳಗೆ ಒಂದು ರಟ್ಟಿನ ತುಂಡು ಇಟ್ಟರು. ಖಾಲಿ ರಟ್ಟು ಯಾಕೆ, ಅದರ ಮೇಲೆ ಏನಾದರೂ ಅಚ್ಚು ಹಾಕೋಣ ಎಂದು ಯಾರಿಗೋ ಹೊಳೆಯಿತು. ವರ್ಜೀನಿಯಾದ ರಿಚ್ಮಂಡ್ ಊರಿನ ಅಲೆನ್ ಅಂಡ್ ಗಿಂಟರ್ ಕಂಪನಿಯವರು ನಟಿಯರು, ಆಟಗಾರರು, ಹಕ್ಕಿಗಳು, ಬಾವುಟಗಳು ಎಂದು ಸಾಲು ಸಾಲಾಗಿ ಕಾರ್ಡು ತಂದರು. ಇಂಗ್ಲೆಂಡಿನಲ್ಲಿ ವಿಲ್ಸ್ ಕಂಪನಿ ಅದನ್ನೇ ಹಿಡಿಯಿತು. ಮಾಲು ಖರ್ಚಾಗಲಿ ಎಂಬುದೇ ಉದ್ದೇಶ. ಐವತ್ತು ಕಾರ್ಡಿನ ಒಂದು ಕಟ್ಟು ಪೂರ್ತಿಯಾಗಬೇಕಾದರೆ ಎಷ್ಟು ಪೊಟ್ಟಣ ಕೊಳ್ಳಬೇಕು, ಯೋಚಿಸಿ. ಅಪ್ಪ ಸೇದುತ್ತಿದ್ದ, ಮಗ ಕಾರ್ಡು ಕೂಡಿಸುತ್ತಿದ್ದ. ಮಕ್ಕಳ ಆಸೆಯನ್ನು ಹೀಗೆ ಹೊಗೆಯ ವ್ಯಾಪಾರಕ್ಕೆ ಎಳೆದುಕೊಂಡದ್ದು ಸರಿಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಆದರೆ ಆ ರಟ್ಟಿನ ಮೇಲೆ ಕೈಯಾಡಿಸಿದ ಚಿತ್ರಗಾರರ, ಅಚ್ಚಿನ ಮನೆಯವರ ಕೆಲಸವನ್ನು ಮೆಚ್ಚದೆ ಇರಲಾರೆ.

ಒಂದು ಕಾರ್ಡನ್ನು ಹತ್ತಿರದಿಂದ ನೋಡೋಣ. ಉದ್ದ ಸುಮಾರು 68 ಮಿಲಿಮೀಟರ್, ಅಗಲ 36. ಅಂದರೆ ಎರಡು ಬೆರಳಿನಷ್ಟು ಅಗಲ. ಜಾನ್ ಪ್ಲೇಯರ್ ಕಂಪನಿ 1930ರ ದಶಕದಲ್ಲಿ ಹೊರತಂದ ‘ಫಿಲ್ಮ್ ಸ್ಟಾರ್ಸ್’ ಸರಣಿಯದು ಅಂದುಕೊಳ್ಳಿ. ಅಷ್ಟು ಜಾಗದಲ್ಲಿ ಎದೆಯ ಮಟ್ಟದವರೆಗೆ ಒಂದು ಮುಖ. ಸ್ಟುಡಿಯೋದಿಂದ ಬಂದದ್ದು ಕಪ್ಪುಬಿಳುಪು ಫೋಟೋ. ಅದನ್ನು ಮುಂದಿಟ್ಟುಕೊಂಡು ಚಿತ್ರಗಾರ ಬಣ್ಣ ತುಂಬಬೇಕು. ತುಟಿಯ ಕೆಂಪು ಎಷ್ಟು, ಕೆನ್ನೆಯ ಕೆಂಪು ಎಷ್ಟು, ಕೂದಲಿನ ಅಲೆಯಲ್ಲಿ ಬೆಳಕು ಎಲ್ಲಿ ಬೀಳಬೇಕು, ಎಲ್ಲ ಅವನ ತೀರ್ಮಾನ. ತೆರೆಯ ಮೇಲೆ ಕಪ್ಪುಬಿಳುಪಿನಲ್ಲಷ್ಟೇ ಕಂಡ ನಟಿಯ ಸೀರೆಗೋ ಗೌನಿಗೋ ಬಣ್ಣ ಕೊಟ್ಟವನು ಅವನೇ. ಆ ಕಾಲದ ಪ್ರೇಕ್ಷಕರ ಮನಸ್ಸಿನಲ್ಲಿ ಗ್ರೇಟಾ ಗಾರ್ಬೊಳ ಕಣ್ಣಿಗೆ ಒಂದು ಬಣ್ಣ ಇದ್ದರೆ ಅದು ಸಿನಿಮಾ ಕೊಟ್ಟದ್ದಲ್ಲ, ಇಂಥ ಕಾಗದ ಕೊಟ್ಟದ್ದು. ಕಾರ್ಡು ತಿರುಗಿಸಿದರೆ ಹಿಂದೆ ಸಣ್ಣ ಅಕ್ಷರದಲ್ಲಿ ಹೆಸರು, ಕ್ರಮಸಂಖ್ಯೆ, ಹುಟ್ಟಿದ ಊರು, ನಟಿಸಿದ ಚಿತ್ರಗಳು. ಹತ್ತು ಸಾಲಿನಲ್ಲಿ ಒಂದು ಜೀವನಚರಿತ್ರೆ. ಅಂಚಿನಲ್ಲಿ ಇನ್ನೊಂದು ಮಾತು: ಈ ಚಿತ್ರಗಳನ್ನು ಅಂಟಿಸುವ ಆಲ್ಬಮ್ಮು ಅಂಗಡಿಯಲ್ಲಿ ಒಂದು ಪೆನ್ನಿ ಬೆಲೆಗೆ ಸಿಗುತ್ತದೆ ಎಂದು. ಎರಡನೆಯ ಮಹಾಯುದ್ಧದ ಕಾಲಕ್ಕೆ, 1940ರಲ್ಲಿ, ಕಾಗದಕ್ಕೆ ಬರ ಬಂದು ಬ್ರಿಟನ್ನಿನಲ್ಲಿ ಈ ಕಾರ್ಡುಗಳು ನಿಂತವು.

ಈ ಕಾರ್ಡುಗಳ ಲೋಕದೊಳಗೆ ನಮ್ಮ ನಾಡಿನ ಹುಡುಗನೊಬ್ಬ ಹೋಗಿ ಕೂತ. ಅವನೇ ಸಾಬು. ಮೈಸೂರು ಸೀಮೆಯ ಕಾರಾಪುರದ ಮಾವುತನ ಮಗ. 1924ರಲ್ಲಿ ಹುಟ್ಟಿದವನು. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ‘ಎಲಿಫೆಂಟ್ ಬಾಯ್’ ಚಿತ್ರಕ್ಕೆ ಮೈಸೂರಿಗೆ ಬಂದಾಗ ಆನೆ ಲಾಯದ ಈ ಹುಡುಗ ಕಣ್ಣಿಗೆ ಬಿದ್ದ. ಚಿತ್ರ 1937ರಲ್ಲಿ ತೆರೆ ಕಂಡಿತು, ಆ ವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಅದರ ನಿರ್ದೇಶಕರಿಗೆ ಪ್ರಶಸ್ತಿ ಬಂತು. ಲಂಡನ್ನಿಗೆ ಹೋದ ಸಾಬು ‘ದಿ ಡ್ರಮ್’, ‘ದಿ ಥೀಫ್ ಆಫ್ ಬಾಗ್ದಾದ್’ ಎಂದು ಬೆಳೆದ. ತಲೆಗೆ ರುಮಾಲು, ಬಾಯಿ ತುಂಬ ನಗು, ಆ ಮುಖ ಇಂಗ್ಲೆಂಡಿನ ಸಿಗರೇಟು ಪೊಟ್ಟಣಗಳೊಳಗೂ ಬಂತು. ಹಾಲಿವುಡ್ಡಿನ ತಾರೆಯರ ಮಧ್ಯೆ ಕಾಕನಕೋಟೆ ಕಾಡಂಚಿನ ಹುಡುಗ. ಅವನನ್ನು ನಾವು ನಮ್ಮವನೆಂದು ನೆನೆಯುವುದು ಕಡಿಮೆಯಾಗಿದೆ, ಹೆಚ್ಚಾಗಬೇಕು.

ಇನ್ನು ನಮ್ಮ ಊರುಗಳಿಗೆ ಬರೋಣ. ಬೆಂಗಳೂರಿನಲ್ಲಿ ಇಂಪೀರಿಯಲ್ ಟೊಬ್ಯಾಕೊ ಕಂಪನಿಯ ಸಿಗರೇಟು ಕಾರ್ಖಾನೆ ಶುರುವಾದದ್ದು 1913ರಲ್ಲಿ. ಆದರೆ ಹಳ್ಳಿಯವರು ಸೇದುತ್ತಿದ್ದದ್ದು ಬೀಡಿ. ಬೀಡಿ ಕಟ್ಟಿನ ಮೇಲೆ ದೇವರ ಪಟವೋ ಮಾಲೀಕರ ಭಾವಚಿತ್ರವೋ ಇರುತ್ತಿತ್ತು. ಮಕ್ಕಳು ಬಿಟ್ಟಾರೆಯೇ? ಬೆಂಕಿಪೊಟ್ಟಣದ ಚಿತ್ರ ಕಿತ್ತು ಬೆಂಕಿಪಟ ಕೂಡಿಸಿದರು. ಎಸೆದ ಸಿಗರೇಟು ಪ್ಯಾಕನ್ನು ಹರಿದು, ಮಟ್ಟಸ ಮಾಡಿ, ಚಾರ್ಮಿನಾರಿಗೆ ಇಷ್ಟು, ಕತ್ತರಿ ಸಿಗರೇಟಿಗೆ ಇಷ್ಟು, ಟೋಪಿ ಹಾಕಿದ ದೊರೆಯ ಪಾಸಿಂಗ್ ಷೋಗೆ ಇಷ್ಟು ಎಂದು ಬೆಲೆ ಕಟ್ಟಿ, ಬೀದಿಯಲ್ಲಿ ಕಲ್ಲು ಬೀಸಿ ಆಡಿದರು. ಸಿನಿಮಾ ತಾರೆ ಮಾತ್ರ ಅದರಲ್ಲಿ ಅಪರೂಪ.

ತಾರೆ ಸಿಕ್ಕಿದ್ದು ಎರಡು ಕಡೆ. ಮೊದಲನೆಯದು ರೈಲು ನಿಲ್ದಾಣದ ತೂಕದ ಯಂತ್ರ. ಅರಸೀಕೆರೆ ಜಂಕ್ಷನ್ನಿನಂಥ ಕಡೆ ಗಾಡಿ ಬದಲಾಯಿಸಲು ಕಾದು ಕೂತವರಿಗೆ ಇದರ ನೆನಪು ಚೆನ್ನಾಗಿರುತ್ತದೆ. ಆಳೆತ್ತರದ ಕೆಂಪು ಯಂತ್ರ. ಗಾಜಿನ ಹಿಂದೆ ಮಿಣಮಿಣ ದೀಪ, ತಿರುಗುವ ಚಕ್ರ. ಹತ್ತಿ ನಿಂತು, ಚಕ್ರ ನಿಲ್ಲುವವರೆಗೆ ಅಲುಗಾಡದೆ ಕಾದು, ಕಾಸು ಹಾಕಬೇಕು. ಟಕ್ಕೆಂದು ಒಂದು ಚೀಟಿ ಬೀಳುತ್ತಿತ್ತು. ಹಳೆಯ ರೈಲು ಟಿಕೆಟಿನಂಥದೇ ದಪ್ಪ ರಟ್ಟು, ಅದೇ ಅಳತೆ. ಒಂದು ಮಗ್ಗುಲಲ್ಲಿ ತೂಕ, ಅದರ ಜೊತೆಗೆ ಒಂದು ಸಾಲು ಭವಿಷ್ಯ. ಮಗುಚಿದರೆ ಸಿನಿಮಾ ನಟನೋ ನಟಿಯೋ. ಒಂದೇ ಬಣ್ಣದ ಅಚ್ಚು, ಎಷ್ಟೋ ಸಲ ಮಸಿ ಹರಡಿ ಮೂಗು ಕಣ್ಣು ಕಲಸಿ ಹೋಗಿರುತ್ತಿತ್ತು. ಆದರೂ ಗುರುತು ಸಿಗುತ್ತಿತ್ತು, ಅದೇ ಅದರ ಹೆಚ್ಚುಗಾರಿಕೆ. ಹುಬ್ಬಿನ ಏರು, ಹಣೆಯ ಮೇಲಿನ ಕೂದಲು, ಮೀಸೆಯ ಗೆರೆ, ಇಷ್ಟರಲ್ಲೇ ಯಾರೆಂದು ಹೇಳಬೇಕಿತ್ತು. ಮೈಸೂರು–ಅರಸೀಕೆರೆ ದಾರಿಯಲ್ಲಿದ್ದ ಹಾಸನ, ಹೊಳೆನರಸೀಪುರದ ಮಕ್ಕಳಿಗೆ ಈ ಚೀಟಿ ಸಿಕ್ಕುವ ಅವಕಾಶ ಇತ್ತು. ಚನ್ನರಾಯಪಟ್ಟಣಕ್ಕೆ ರೈಲು ಬಂದದ್ದೇ ಈ ಶತಮಾನದಲ್ಲಿ. ಅಲ್ಲಿಯ ಹುಡುಗರು ಪರಸ್ಥಳಕ್ಕೆ ಹೋಗಿಬಂದ ನೆಂಟರ ಜೇಬು ಕಾಯಬೇಕಿತ್ತು.

ಎರಡನೆಯದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು, ಹಾಡಿನ ಪುಸ್ತಕ. ಟೆಂಟ್ ಸಿನಿಮಾದ ಕಾಲ ಅದು. ಸುಗ್ಗಿ ಮುಗಿದ ಮೇಲೆ, ಬೂಕನಬೆಟ್ಟದ ದನಗಳ ಜಾತ್ರೆ, ರಾಮನಾಥಪುರದ ಜಾತ್ರೆ ಇಂಥ ಜನ ಸೇರುವ ದಿನಗಳಲ್ಲಿ ಗುಡಾರ ಏಳುತ್ತಿತ್ತು. ಮಧ್ಯಾಹ್ನ ಗಾಡಿಗೆ ಮೈಕು ಕಟ್ಟಿ ಕರಪತ್ರ ಎರಚುತ್ತಾ ಹೋಗುತ್ತಿದ್ದರು, ಹಿಂದೆ ಮಕ್ಕಳ ದಂಡು. ಸಂಜೆ ಘಂಟಸಾಲರ ವೆಂಕಟೇಶ ಸ್ತುತಿ ಮೈಕಿನಲ್ಲಿ ಬಂತೆಂದರೆ ಆಟ ಶುರುವಾಗುತ್ತದೆ ಎಂದು ಅರ್ಥ, ಹೆಂಗಸರು ಒಲೆ ಆರಿಸಿ ಹೊರಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಒಂದೇ ಪ್ರೊಜೆಕ್ಟರಾದ್ದರಿಂದ ರೀಲು ಬದಲಾಯಿಸಲು ಮತ್ತೆ ಮತ್ತೆ ದೀಪ ಹತ್ತುತ್ತಿತ್ತು. ಆ ಬೆಳಕಿನಲ್ಲಿ ಕಡಲೆಕಾಯಿ ಮಾರುವವರ ಜೊತೆಗೇ ಹುಡುಗರು ಹಾಡಿನ ಪುಸ್ತಕ ಹಿಡಿದು ಓಡಾಡುತ್ತಿದ್ದರು. ಕೆಲವೇ ಕಾಸಿನ ಬೆಲೆ.

ಕೈಗೆತ್ತಿಕೊಂಡರೆ ತೆಳು ಕಾಗದ, ಗುಲಾಬಿಯೋ ಹಳದಿಯೋ ಬಣ್ಣದ್ದು. ಮುಖಪುಟದಲ್ಲಿ ಬ್ಲಾಕು ಮಾಡಿಸಿ ಒತ್ತಿದ ನಾಯಕ ನಾಯಕಿಯ ಚಿತ್ರ. ಒಳಗೆ ಪಾತ್ರವರ್ಗ, ಆಮೇಲೆ ಕಥಾಸಾರಾಂಶ, ಕೊನೆಗೆ ಹಾಡುಗಳು. ಕಥೆಯನ್ನು ಬರೆಯುವವರ ಜಾಣ್ಮೆ ಏನು ಹೇಳಲಿ! ನಾಯಕಿ ಮನೆ ಬಿಟ್ಟು ಹೊರಟಳು, ಮಗು ಕಾಣೆಯಾಯಿತು, ನಾಯಕನ ಮೇಲೆ ಕೊಲೆಯ ಆಪಾದನೆ ಬಂತು ಎನ್ನುವಲ್ಲಿಗೆ ತಂದು, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ಕೈಬಿಡುತ್ತಿದ್ದರು. ಹಾಡನ್ನು ಬಾಯಿಪಾಠ ಮಾಡಲು ರೇಡಿಯೋ ಎಲ್ಲರ ಮನೆಯಲ್ಲಿ ಇರಲಿಲ್ಲ. ಒಂದು ಪುಸ್ತಕ ಇಡೀ ಕೇರಿ ಸುತ್ತಿ, ಅಂಚು ಹರಿದು, ಎಣ್ಣೆ ಕುಡಿದು ವಾಪಸ್ಸು ಬರುತ್ತಿತ್ತು. ಎಷ್ಟೋ ಹೆಣ್ಣುಮಕ್ಕಳು ಅಕ್ಷರ ಕೂಡಿಸಿ ಓದುವುದನ್ನು ರೂಢಿಸಿಕೊಂಡದ್ದು ಇದರಲ್ಲೇ. ನನ್ನ ದೃಷ್ಟಿಯಲ್ಲಿ ಇಂಗ್ಲೆಂಡಿನ ಸಿಗರೇಟು ಕಾರ್ಡಿಗಿಂತ ನಮ್ಮ ಹಾಡಿನ ಪುಸ್ತಕ ದೊಡ್ಡದು. ಕಾರ್ಡು ಮುಖ ಕೊಟ್ಟಿತು. ಪುಸ್ತಕ ಮುಖದ ಜೊತೆಗೆ ಕಥೆಯನ್ನೂ ಹಾಡನ್ನೂ ಕೊಟ್ಟಿತು, ಯಾರನ್ನೂ ಹೊಗೆಗೆ ಎಳೆಯಲಿಲ್ಲ.

ಇಷ್ಟು ಹಚ್ಚಿಕೊಂಡು ಹೇಳಲು ಕಾರಣ ಇದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡಿತು. ವೈ.ವಿ. ರಾವ್ ನಿರ್ದೇಶಕರು, ಎಂ.ವಿ. ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು, ತ್ರಿಪುರಾಂಬ ಮುಖ್ಯ ಪಾತ್ರದಲ್ಲಿ. ಇವತ್ತು ಆ ಚಿತ್ರದ ಒಂದು ಪ್ರತಿಯೂ ಇಲ್ಲ. ಅದೇ ವರ್ಷದ ‘ಭಕ್ತ ಧ್ರುವ’ದ ಕಥೆಯೂ ಅದೇ. ಆ ಕಾಲದ ಫಿಲ್ಮು ಬೇಗ ಬೆಂಕಿ ಹತ್ತುವಂಥದ್ದು, ಬಿಸಿಲಿಗೆ ಕರಗಿ ಪುಡಿಯಾಗುವಂಥದ್ದು. ಅದರೊಳಗಿನ ಬೆಳ್ಳಿಗಾಗಿ ಕರಗಿಸಿದ್ದೂ ಉಂಟು. ಹೀಗಾಗಿ ನಮ್ಮ ಮೊದಲ ತಾರೆಯರು ಉಳಿದಿದ್ದರೆ ಕಾಗದದ ಮೇಲೆ ಮಾತ್ರ. ಊರ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರವಾಗಿ ಹೊತ್ತ ಅರಕಲಗೂಡಿನ ಅ.ನ.ಕೃಷ್ಣರಾಯರು 1942ರ ‘ಜೀವನ ನಾಟಕ’ ಚಿತ್ರಕ್ಕೆ ಕಥೆ ಕೊಟ್ಟರು. ಗುಬ್ಬಿ ವೀರಣ್ಣನವರು ತೆಗೆದ ಚಿತ್ರ. ಅದರಲ್ಲಿ ನಟಿಸಿದ ಶಾಂತಾ ಹುಬ್ಳೀಕರ್ ಹುಬ್ಬಳ್ಳಿ ಬಳಿಯ ಅದರಗುಂಚಿಯವರು, ಅಷ್ಟರಲ್ಲಾಗಲೇ ಶಾಂತಾರಾಮರ ‘ಮಾಣೂಸ್’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತರು. ‘ಜೀವನ ನಾಟಕ’ಕ್ಕೆ ಸಂಬಂಧಿಸಿದ ಒಂದು ಕರಪತ್ರ, ಒಂದು ಹಾಡಿನ ಪುಸ್ತಕ ಅರಕಲಗೂಡಿನ ಯಾವುದಾದರೂ ಅಟ್ಟದಲ್ಲಿ ಇದ್ದರೆ ಅದರ ಬೆಲೆ ಹಣದಲ್ಲಿ ಹೇಳುವಂಥದ್ದಲ್ಲ.

ಇಂಥ ಕಾಗದ ಉಳಿಸಿದವರು ದೊಡ್ಡ ಹಣವಂತರೇನಲ್ಲ. ಅಮೆರಿಕದ ಸಿರಾಕ್ಯೂಸಿನಲ್ಲಿ ಜೆಫರ್ಸನ್ ಬರ್ಡಿಕ್ ಎಂಬುವರಿದ್ದರು, ಕಾರ್ಖಾನೆಯಲ್ಲಿ ವೈರು ಜೋಡಿಸುವ ಕೆಲಸ. ಸಂಧಿವಾತದಿಂದ ಬೆರಳು ಮಡಚಲಾಗದಿದ್ದರೂ, ತಾವು ಕೂಡಿಸಿದ ಸುಮಾರು ಮೂರು ಲಕ್ಷ ಕಾರ್ಡು, ಲೇಬಲ್ಲುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಕೊಟ್ಟು, ಅಲ್ಲೇ ಕೂತು ಆಲ್ಬಮ್ಮುಗಳಿಗೆ ಅಂಟಿಸಿದರು. 1963ರ ಜನವರಿಯಲ್ಲಿ ಕೆಲಸ ಮುಗಿಸಿದರು, ಮಾರ್ಚಿಯಲ್ಲಿ ತೀರಿಕೊಂಡರು. ನಮ್ಮಲ್ಲಿ ಪಿ.ಕೆ. ನಾಯರ್. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿ ಬೆಳೆಸಿದವರು. ಅವರು ತಿರುವನಂತಪುರದಲ್ಲಿ ಹುಡುಗನಾಗಿದ್ದಾಗ ಕೂಡಿಸಿದ್ದು ಏನು ಗೊತ್ತೆ? ಸಿನಿಮಾ ಟಿಕೆಟಿನ ತುಂಡುಗಳು, ತಾರೆಯರ ಚಿತ್ರವಿದ್ದ ಅದೇ ತೂಕದ ಚೀಟಿಗಳು. ದೇಶದ ಚಿತ್ರಸಂಪತ್ತನ್ನು ಕಾಯ್ದ ಕೈ ಮೊದಲು ಪಳಗಿದ್ದು ಆ ರಟ್ಟಿನ ಚೂರುಗಳ ಮೇಲೆ.

ಆದ್ದರಿಂದ ಕೇಳುಗರಲ್ಲಿ ಒಂದು ಬೇಡಿಕೆ. ಹಬ್ಬಕ್ಕೆ ಮನೆ ಸಾರಿಸುವಾಗ, ಹಳೇ ಮನೆ ಕೆಡವುವಾಗ, ಅಟ್ಟದ ಕಾಗದವನ್ನು ಗುಜರಿಯವರಿಗೆ ತೂಗಿಕೊಡುವ ಮುಂಚೆ ಒಮ್ಮೆ ಬಿಡಿಸಿ ನೋಡಿ. ಹಾಡಿನ ಪುಸ್ತಕ, ಕರಪತ್ರ, ತೂಕದ ಚೀಟಿ, ಬೆಂಕಿಪಟ ಸಿಕ್ಕರೆ ಎತ್ತಿಡಿ. ಹರಿದಿದ್ದರೆ ಸೆಲೋಟೇಪ್ ಹಚ್ಚಬೇಡಿ, ಕೆಲವೇ ವರ್ಷಕ್ಕೆ ಕಾಗದವನ್ನೇ ತಿಂದು ಹಾಕುತ್ತದೆ. ಲ್ಯಾಮಿನೇಶನ್ನೂ ಬೇಡ. ಎರಡು ಬಿಳಿ ಹಾಳೆಯ ನಡುವೆ ಮಟ್ಟಸವಾಗಿ, ತೇವ ಬಾರದ ಕಡೆ ಇಡಿ. ಮನೆಯಲ್ಲಿ ಅಜ್ಜಿ ತಾತ ಇದ್ದರೆ, ಅದು ಯಾವ ಟೆಂಟಿನಲ್ಲಿ, ಯಾವ ಜಾತ್ರೆಯಲ್ಲಿ ಕೊಂಡದ್ದು ಎಂದು ಕೇಳಿ, ಬೇರೆ ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದು ಅದರ ಜೊತೆಗೇ ಇಡಿ. ಈ ವಾರವೇ ಕೇಳಿ.