ಗೇಟಿನ ಟೋಕನ್, ಗಣಕದ ಟೋಕನ್
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಕಾಸರಗೋಡು ಜಿಲ್ಲೆಯ ಪುತ್ತಿಗೆಯವನು. ನಮ್ಮದು ಅಡಿಕೆ, ತೆಂಗಿನ ಊರು. ಕಬ್ಬಿನ ವಿಷಯ ತಮಗೆ ಹೇಳುವಷ್ಟು ನಾನು ಬಲ್ಲವನಲ್ಲ. ಆದರೆ ಗಣಕಯಂತ್ರದ ಮುಂದೆ ಕೂರುವ ಕಷ್ಟ ಇಬ್ಬರಿಗೂ ಒಂದೇ.

ಕಳೆದ ಮಳೆಗಾಲದಲ್ಲಿ ಒಂದು ಸೇವಾಕೇಂದ್ರಕ್ಕೆ ಅರ್ಜಿ ತುಂಬಲು ಹೋಗಿದ್ದೆ. ಸರದಿ ಬಂತು, ಕುಳಿತೆ. ಹೆಸರು, ಗುಪ್ತಪದ ಏನನ್ನೂ ಕೇಳದೆ ಪುಟ ತೆರೆಯಿತು. ನೋಡಿದರೆ ನನಗಿಂತ ಮುಂಚೆ ಎದ್ದುಹೋದವರ ಹೆಸರು, ಸರ್ವೆ ನಂಬರು, ಬ್ಯಾಂಕ್ ಖಾತೆ! ಖಾತೆಯ ಸಂಖ್ಯೆ ತಿದ್ದುವ ಗುಂಡಿಯೂ ಅಲ್ಲೇ ಇತ್ತು.

ಇದು ಹೇಗಾಯಿತು? ಜಾಲತಾಣ ನಡೆಸುವ ಸರ್ವರ್ ಎಂಬುದು ಸ್ವಭಾವತಃ ಮರೆಗುಳಿ. ಒಂದು ಪುಟ ಕೊಟ್ಟ ಕೂಡಲೇ ಅದನ್ನು ಯಾರಿಗೆ ಕೊಟ್ಟೆನೆಂಬುದು ಅದಕ್ಕೆ ನೆನಪಿರುವುದಿಲ್ಲ. ಆದ್ದರಿಂದ ಗುಪ್ತಪದ ಸರಿಯಾಗಿದ್ದರೆ, ಯಾರೂ ಊಹಿಸಲಾಗದ ಉದ್ದನೆಯ ಸಂಖ್ಯೆಯೊಂದನ್ನು ತನ್ನ ದಫ್ತರದಲ್ಲಿ ಬರೆದುಕೊಂಡು ನಮ್ಮ ಬ್ರೌಸರಿಗೂ ಕೊಡುತ್ತದೆ. ಬ್ರೌಸರು ಪ್ರತಿ ಸಲ ಅದನ್ನು ತೋರಿಸುತ್ತದೆ. ಇದನ್ನು ಇಟ್ಟುಕೊಳ್ಳುವ ಉಪಾಯಕ್ಕೆ ಕುಕಿ ಎಂದು ಹೆಸರು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಇದನ್ನು ರೂಪಿಸಿದರು.

ಕಾರ್ಖಾನೆಯ ಗೇಟಿನಲ್ಲಿ ಲಾರಿಗೆ ಕೊಡುವ ಟೋಕನ್ ಇದ್ದಂತೆಯೇ ಇದು. ಒಳಗಿನವರು ನೋಡುವುದು ಮುಖವನ್ನಲ್ಲ, ಟೋಕನನ್ನು. ಖಾಲಿ ಲಾರಿ ಹೊರಡುವಾಗ ಅದನ್ನು ಹಿಂದಿರುಗಿಸದೆ ಯಾರ್ಡಿನಲ್ಲಿ ಬೀಳಿಸಿ ಹೋದರೆ, ಹೆಕ್ಕಿಕೊಂಡವನೇ ನೀವಾಗುತ್ತಾನೆ.

ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಪಹಣಿ ತಿದ್ದುವ ನೌಕರರು ಗಣಕದೊಳಗೆ ಹೋಗಲು ಬೆರಳಚ್ಚು ಕೊಡುವ ಕ್ರಮವನ್ನು ತಂದರು. ತಿದ್ದಿದವನು ನಾನಲ್ಲ ಎನ್ನಲು ಆಸ್ಪದವಿರಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ಬೆರಳಚ್ಚು ಕಾಯುವುದು ಬಾಗಿಲನ್ನು ಮಾತ್ರ. ಒಳಹೊಕ್ಕವನು ಪುಟ ತೆರೆದಿಟ್ಟು ಚಹಾಕ್ಕೆ ಎದ್ದುಹೋದರೆ ಅದೇನು ಮಾಡೀತು?

ತೂಕ, ಬಿಲ್ಲಿನ ಲೆಕ್ಕವನ್ನು ಸದಸ್ಯರಿಗೆ ಜಾಲತಾಣದಲ್ಲಿ ತೋರಿಸಬೇಕೆಂಬ ಮಾತು ಈ ಸಭೆಯಲ್ಲಿ ಬಂತು. ತಂತ್ರಾಂಶ ಬರೆಯುವವರನ್ನು ಮೊದಲೇ ಕೇಳಿರಿ: ಲಾಗ್‌ಔಟ್ ಒತ್ತಿದಾಗ ಸರ್ವರಿನ ದಫ್ತರದಲ್ಲಿರುವ ಸಂಖ್ಯೆಯೇ ರದ್ದಾಗುವುದೇ? ಬ್ರೌಸರಿನಿಂದ ಅಳಿಸಿದರೆ ಸಾಲದು. ನಕಲು ಮಾಡಿಕೊಂಡವನು ಅದರಿಂದಲೇ ಒಳಬರುತ್ತಾನೆ. ಗುಪ್ತಪದ ಬದಲಿಸಿದಾಗ ಹಳೆಯ ಟೋಕನ್‌ಗಳೆಲ್ಲ ಸಾಯಬೇಕು. ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ತಾನಾಗಿ ಮುಚ್ಚಬೇಕು. ಎರಡೇ ನಿಮಿಷ ಇಡುವುದೂ ಬೇಡ, ನಮ್ಮಂಥವರು ಕನ್ನಡಕ ಒರೆಸುವಷ್ಟರಲ್ಲಿ ಹೊರಬಿದ್ದಿರುತ್ತೇವೆ! ಬ್ಯಾಂಕ್ ಖಾತೆ ತಿದ್ದುವ ಮುನ್ನ ಗುಪ್ತಪದವನ್ನು ಮತ್ತೊಮ್ಮೆ ಕೇಳಲೇಬೇಕು.

ಆ ದಿನ ಲಾಗ್‌ಔಟ್ ನಾನೇ ಒತ್ತಿದೆ. ಹೊರಗೆ ಬಸ್ಸಿಗೆ ಕಾಯುತ್ತಿದ್ದ ಆ ಹಿರಿಯರಿಗೆ ವಿಷಯ ತಿಳಿಸಿದೆ. “ಪುಟ ಮುಚ್ಚಿಯೇ ಬಂದೆನಲ್ಲ ಮಾರಾಯ್ರೆ” ಎಂದರು.