ತಂದೆತಾಯಿಗಳೂ ಕಲಿಯುವ ಶಾಲೆ

(ಗ್ರಾಮೀಣ ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆ ಎಂದರೆ ಮಕ್ಕಳನ್ನು ಒಳಗೆ ಬಿಟ್ಟು ಹಿರಿಯರು ಹೊಲಮನೆಯ ಕೆಲಸಕ್ಕೆ ಹಿಂದಿರುಗುವ ಸ್ಥಳವೆಂದು ನಾವೆಲ್ಲರೂ ಭಾವಿಸುತ್ತೇವೆ. ಇಂದು ನಿಮಗೆ ಪರಿಚಯ ಮಾಡಿಕೊಡಬೇಕೆಂದಿರುವ ಶಾಲೆ ಆ ಬಗೆಯದಲ್ಲ. ಅಲ್ಲಿ ಮಗುವಿನ ಪಕ್ಕದಲ್ಲಿಯೇ ತಾಯಿಯೂ ಕುಳಿತುಕೊಳ್ಳುತ್ತಾಳೆ. ಪಾಠವು ಇಬ್ಬರಿಗೂ ನಡೆಯುತ್ತದೆ. ಅದು ಕಿವಿ ಕೇಳಿಸದ ಎಳೆಯ ಮಕ್ಕಳ ಶಾಲೆ.

ನಮ್ಮ ನಾಡಿನಲ್ಲಿ ಇಂತಹ ಮಕ್ಕಳ ಶಿಕ್ಷಣ ಹೊಸತೇನೂ ಅಲ್ಲ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ 1901ರಲ್ಲಿಯೇ ಶಾಲೆ ಆರಂಭವಾಯಿತು. 1965ರಲ್ಲಿ ಅದೇ ನಗರದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸ್ಥಾಪನೆಯಾಯಿತು. ಮಾನಸಗಂಗೋತ್ರಿಯಲ್ಲಿರುವ ಈ ಸಂಸ್ಥೆಯ ಶಾಲಾಪೂರ್ವ ಕೇಂದ್ರದಲ್ಲಿ ಮಕ್ಕಳೊಡನೆ ತಾಯಂದಿರಿಗೂ ತರಬೇತಿ ದೊರೆಯುತ್ತದೆ. ಮೈಸೂರಿನಲ್ಲಿಯೇ ಕಿವುಡ ಮಕ್ಕಳ ತಂದೆತಾಯಿಗಳ ಸಂಘವು ನಡೆಸುತ್ತ ಬಂದಿರುವ ಶಾಲೆಯಲ್ಲಿಯೂ ಇದೇ ಕ್ರಮವಿದೆ.

ತಾಯಿಯೇಕೆ ಶಾಲೆಗೆ ಹೋಗಬೇಕು? ಕಿವಿ ಚೆನ್ನಾಗಿರುವ ಮಗು ಮೊದಲ ಮಾತನ್ನಾಡುವ ಮುನ್ನ ಒಂದು ವರ್ಷ ಕಾಲ ಮನೆಯವರ ಮಾತನ್ನು ಹಗಲಿರುಳೂ ಕೇಳಿಸಿಕೊಂಡಿರುತ್ತದೆ. ಕೇಳಿದ್ದರಿಂದಲೇ ಮಾತು ಬರುತ್ತದೆ. ಕಿವುಡ ಮಗುವಿನ ನಾಲಿಗೆ, ಗಂಟಲುಗಳಲ್ಲಿ ಸಾಮಾನ್ಯವಾಗಿ ಯಾವ ದೋಷವೂ ಇರುವುದಿಲ್ಲ. ಕೇಳದಿರುವುದರಿಂದ ಮಾತು ಬಾರದು, ಅಷ್ಟೆ. ಶಾಲೆಯಲ್ಲಿ ಮಗು ಇರುವುದು ದಿನಕ್ಕೆ ಕೆಲವೇ ಗಂಟೆ. ಉಳಿದ ಹೊತ್ತೆಲ್ಲ ಮನೆಯಲ್ಲಿ. ಆ ಹೊತ್ತನ್ನು ಬಳಸಿಕೊಳ್ಳಲು ಮನೆಯವರು ಕಲಿಯದಿದ್ದರೆ ಎಷ್ಟು ಒಳ್ಳೆಯ ಶಿಕ್ಷಕಿಯಿದ್ದರೂ ಫಲ ಕಡಮೆ.

ಇಂತಹ ಶಾಲೆಯ ದಿನಚರಿಯನ್ನು ಸ್ವಲ್ಪ ನೋಡೋಣ. ಬೆಳಿಗ್ಗೆ ಮೊದಲು ಶ್ರವಣ ಸಾಧನದ, ಅಂದರೆ ಕಿವಿ ಮಿಷನ್ನಿನ, ಪರೀಕ್ಷೆ. ಬ್ಯಾಟರಿ ಸರಿಯಾಗಿದೆಯೇ, ಕಿವಿಯೊಳಗೆ ಕೂರುವ ಅಚ್ಚು ಬಿಗಿಯಾಗಿದೆಯೇ ಎಂದು ತಾಯಿಯೇ ನೋಡುತ್ತಾಳೆ. ಮಗು ಬೆಳೆದಂತೆ ಅಚ್ಚು ಸಡಿಲವಾಗುವುದರಿಂದ ಆಗಾಗ್ಗೆ ಅದನ್ನು ಬದಲಾಯಿಸಬೇಕಾಗುತ್ತದೆ. ಬಳಿಕ ಬಾಯಿ ಕಾಣದಂತೆ ಮರೆಮಾಡಿಕೊಂಡು ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ನುಡಿಯುತ್ತಾರೆ. ಕೇಳಿಸಿದೊಡನೆ ಮಗು ಒಂದು ಮಣಿಯನ್ನು ಡಬ್ಬಿಗೆ ಹಾಕಬೇಕು. ಮಾತಿನಲ್ಲಿ ಬರುವ ತಗ್ಗಿನ ಧ್ವನಿಗಳೂ ಹೆಚ್ಚಿನ ಧ್ವನಿಗಳೂ ಈ ಆರರಲ್ಲಿ ಅಡಕವಾಗಿವೆ.

ಅನಂತರ ಸುದ್ದಿಯ ಪಾಠ. ಪ್ರತಿ ಮಗುವೂ ಮನೆಯಿಂದ ಒಂದು ಸುದ್ದಿ ತರಬೇಕು. ‘ನಮ್ಮ ಹಸು ಕರು ಹಾಕಿತು’, ‘ಅಜ್ಜ ಸಂತೆಯಿಂದ ಬಾಳೆಹಣ್ಣು ತಂದರು’ ಎಂಬ ಚಿಕ್ಕ ಸುದ್ದಿಯೇ ಸಾಕು. ಮಗು ಕೈಸನ್ನೆಯಿಂದ, ಚಿತ್ರದಿಂದ, ಅರ್ಧ ಮಾತಿನಿಂದ ಹೇಳಿದ್ದನ್ನು ಶಿಕ್ಷಕಿ ಪೂರ್ಣ ವಾಕ್ಯವಾಗಿ ನುಡಿದು ಬರೆದು ತೋರಿಸುತ್ತಾಳೆ. ಇನ್ನೊಂದು ದಿನ ಮಾಡಿ ಕಲಿಯುವ ಪಾಠ: ನಿಂಬೆಹಣ್ಣು ಕೊಯ್ಯುವುದು, ಹಿಂಡುವುದು, ನೀರು ಬೆರೆಸುವುದು, ಸಕ್ಕರೆ ಹಾಕುವುದು, ಕುಡಿಯುವುದು. ಒಂದೊಂದು ಕೆಲಸಕ್ಕೂ ಒಂದೊಂದು ಮಾತು. ತಾಯಿ ಇದನ್ನು ನೋಡಿ ಕಲಿತು, ಮನೆಯಲ್ಲಿ ಮುದ್ದೆ ತೊಳೆಸುವಾಗ, ಬಟ್ಟೆ ಒಗೆಯುವಾಗ, ಕೋಳಿಗೆ ಕಾಳು ಹಾಕುವಾಗ ಮಗುವಿನ ಮುಖಕ್ಕೆ ಮುಖ ಕೊಟ್ಟು ಅದೇ ರೀತಿ ಮಾತನಾಡುತ್ತಾಳೆ. ಇದಕ್ಕೆ ಹೆಚ್ಚಿನ ವಿದ್ಯೆ ಬೇಕಿಲ್ಲ, ತಾಳ್ಮೆ ಬೇಕು.

ಎಲ್ಲ ಮಕ್ಕಳಿಗೂ ಮಾತು ಒಂದೇ ಮಟ್ಟಕ್ಕೆ ಬರುವುದಿಲ್ಲ. ಸಾಧನದಿಂದ ಪ್ರಯೋಜನವಾಗದ ಕೆಲವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಶಸ್ತ್ರಚಿಕಿತ್ಸೆಯುಂಟು. ಅದರ ಬಳಿಕವೂ ವರ್ಷಗಟ್ಟಲೆ ಮಾತಿನ ತರಬೇತಿ ಅಗತ್ಯ. ಇನ್ನು ಕೆಲವರಿಗೆ ಸನ್ನೆಯ ಭಾಷೆಯೇ ಆಧಾರ. ಅದೂ ವ್ಯಾಕರಣವುಳ್ಳ ಪೂರ್ಣ ಭಾಷೆಯೇ. ಆದುದರಿಂದ ಸನ್ನೆ ಮಾಡುವ ಮಗುವನ್ನು ಗದರಿಸಬಾರದು, ಅಣಕಿಸಲೂಬಾರದು. ಮಗುವಿಗೆ ಭಾಷೆಯೇ ಇಲ್ಲದಂತಾಗುವುದು ಎಲ್ಲಕ್ಕಿಂತ ದೊಡ್ಡ ನಷ್ಟ.

ಇಲ್ಲಿ ತಂದೆಯ ಕರ್ತವ್ಯವೇನು? ದೂರದ ಊರಿನಿಂದ ಬಂದು ಮಗುವಿನೊಡನೆ ನಗರದಲ್ಲಿ ನಿಲ್ಲುವ ತಾಯಿಗೆ ಕೂಲಿ ತಪ್ಪುತ್ತದೆ, ಮನೆಯಲ್ಲಿ ಇತರ ಮಕ್ಕಳು ಉಳಿಯುತ್ತಾರೆ, ಅತ್ತೆಮಾವಂದಿರಿಗೆ ಅಸಮಾಧಾನವಾಗುತ್ತದೆ. ಗಂಡನು ಮನೆಯ ಭಾರವನ್ನು ಹೊತ್ತು, ಹಿರಿಯರಿಗೆ ತಿಳಿಹೇಳಿ, ಬಿಡುವಾದಾಗ ತಾನೂ ಆ ಪಾಠಗಳನ್ನು ಕಲಿತರೆ ಮಾತ್ರ ಈ ಪ್ರಯತ್ನ ನಿಲ್ಲುತ್ತದೆ. ‘ನಿನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಹೀಗಾಯಿತು’ ಎಂದು ಹೆಂಡತಿಯನ್ನು ದೂರುವುದು ಅನ್ಯಾಯ, ಅಜ್ಞಾನವೂ ಹೌದು. ವಂಶದಿಂದ ಬರುವ ಕಿವುಡುತನದಲ್ಲಿ ಬಹುಪಾಲು, ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದಾಗಲೇ ತೋರುತ್ತದೆ. ಸೋದರಮಾವನೊಡನೆ, ಅತ್ತೆಯ ಮಗನೊಡನೆ ನಡೆಯುವ ಸಂಬಂಧಗಳಲ್ಲಿ ಈ ಸಂಭವ ಹೆಚ್ಚು. ಇದನ್ನು ಮಕ್ಕಳ ವಿವಾಹ ನಿಶ್ಚಯಿಸುವಾಗ ನೆನಪಿನಲ್ಲಿಡಿ.

ಬೇರೆ ಕಾರಣಗಳೂ ಉಂಟು. ಗರ್ಭದ ಮೊದಲ ಮೂರು ತಿಂಗಳಲ್ಲಿ ತಾಯಿಗೆ ರುಬೆಲ್ಲಾ ಜ್ವರ ಬಂದರೆ ಮಗುವಿನ ಕಿವಿ, ಕಣ್ಣು, ಹೃದಯಗಳಿಗೆ ಹಾನಿಯಾಗಬಹುದು. 2017ರಲ್ಲಿ ಕರ್ನಾಟಕದಲ್ಲಿ ದಡಾರ ಮತ್ತು ರುಬೆಲ್ಲಾ ಲಸಿಕೆಯ ಅಭಿಯಾನ ನಡೆಯಿತು. ಅಂದಿನಿಂದ ಮಕ್ಕಳಿಗೆ ಈ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತಿದೆ. ಎರಡು ಬಾರಿಯೂ ತಪ್ಪದೆ ಹಾಕಿಸಿ. ಅತಿ ಕಡಮೆ ತೂಕ, ತೀವ್ರವಾದ ಕಾಮಾಲೆ, ಮೆದುಳು ಜ್ವರ ಇವುಗಳಿಂದಲೂ ಕಿವಿ ಕೆಡುವುದುಂಟು. ಸೋರುವ ಕಿವಿಗೆ ಎಣ್ಣೆ ಬಿಡದೆ ವೈದ್ಯರಿಗೆ ತೋರಿಸಿ.

ಇನ್ನು ಮುಖ್ಯವಾದ ಮಾತು. ‘ಅವರಪ್ಪನಿಗೂ ಮಾತು ತಡವಾಗಿಯೇ ಬಂತು’ ಎಂದು ಹೇಳುತ್ತ ಎರಡು ಮೂರು ವರ್ಷ ಕಾಯುವವರು ಹಲವರು. ತಟ್ಟೆ ಬಡಿದಾಗ ಮಗು ತಿರುಗಿ ನೋಡಿತೆಂದು ಸಮಾಧಾನ ಪಡುವವರೂ ಉಂಟು. ಆದರೆ ಮಗು ನೆಲದ ಅದುರಿಗೆ ಅಥವಾ ನಿಮ್ಮ ಕೈಯ ನೆರಳಿಗೆ ತಿರುಗಿರಬಹುದು. ಕಿವುಡ ಶಿಶುವೂ ಮೊದಲ ತಿಂಗಳುಗಳಲ್ಲಿ ಕೇಕೆ ಹಾಕುತ್ತದೆ, ಅದರಿಂದ ಮೋಸಹೋಗಬೇಡಿ. ದೊಡ್ಡ ಶಬ್ದಕ್ಕೆ ಹಸುಗೂಸು ಬೆಚ್ಚದಿದ್ದರೆ, ಆರು ತಿಂಗಳಿಗೆ ತಾಯಿಯ ದನಿಯತ್ತ ತಿರುಗದಿದ್ದರೆ, ವರ್ಷಕ್ಕೆ ಹೆಸರು ಕರೆದಾಗ ಗಮನಿಸದಿದ್ದರೆ, ಎರಡು ವರ್ಷಕ್ಕೆ ಎರಡು ಮಾತು ಕೂಡಿಸದಿದ್ದರೆ ಕೂಡಲೇ ಪರೀಕ್ಷೆ ಮಾಡಿಸಿ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ದೋಷದ ನಿರ್ಣಯ, ಆರು ತಿಂಗಳೊಳಗೆ ಸಾಧನ ಮತ್ತು ತರಬೇತಿ: ಇದು ತಜ್ಞರು ಒಪ್ಪಿದ ಕ್ರಮ. ಈ ಪರೀಕ್ಷೆಯಿಂದ ಶಿಶುವಿಗೆ ನೋವಿಲ್ಲ. ತಡವಾಗಿದ್ದರೂ ನಿರಾಶೆ ಬೇಡ, ಇಂದೇ ಹೊರಡಿ.

ನಿಮ್ಮ ಊರಿನ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಮೊದಲು ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಅಂಗನವಾಡಿಗಳಿಗೂ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸಿ, ಅಗತ್ಯವಿದ್ದವರನ್ನು ಮುಂದಿನ ಆಸ್ಪತ್ರೆಗೆ ಕಳುಹಿಸುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ನಿಗದಿತ ಪ್ರಮಾಣದ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಾಗಲಿ, ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು ನೀಡಿದೆ. ಇದು ದಾನವಲ್ಲ, ನಿಮ್ಮ ಮಗುವಿನ ಹಕ್ಕು.

ಕೊನೆಯದಾಗಿ ದಂಪತಿಗಳಲ್ಲಿ ಒಂದು ವಿನಂತಿ. ಕಿವುಡ ಮಗುವಿಗೆ ಮೊದಲ ವರ್ಷಗಳಲ್ಲಿ ತಾಯಿಯ ಪೂರ್ಣ ಗಮನ ಬೇಕು. ಮುಂದಿನ ಹೆರಿಗೆಗೆ ಕನಿಷ್ಠ ಮೂರು ವರ್ಷಗಳ ಅಂತರವಿರಲಿ. ಅದಕ್ಕೆ ಮುನ್ನ ಇಬ್ಬರೂ ಕೂಡಿ ವೈದ್ಯರ ಸಲಹೆ ಪಡೆಯಿರಿ. ತಕ್ಕ ಗರ್ಭನಿರೋಧಕ ವಿಧಾನವನ್ನು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ವಿಚಾರಿಸಿಕೊಳ್ಳಬಹುದು. ಮಗುವಿನ ಮೊದಲ ಶಾಲೆ ನಿಮ್ಮ ಮನೆಯೇ ಆಗಿರುವುದರಿಂದ ಅದರ ಶಿಕ್ಷಕರಾಗಲು ಗಂಡ ಹೆಂಡತಿ ಇಬ್ಬರೂ ಸಿದ್ಧರಾಗಬೇಕೆಂದು ಕೋರುತ್ತೇನೆ.