ಬೂಟು ಬಿಚ್ಚದೆ ಈಸುವವರು

ಬೆಲ್ಲದ ಬಾಗೇವಾಡಿಯ ಸೀಮೆಯಲ್ಲಿ ಹುಡುಗರು ಈಸು ಕಲಿಯುತ್ತಿದ್ದದ್ದು ಹೊಲದ ಬಾವಿಯಲ್ಲಿ. ಬೆನ್ನಿಗೆ ಬೆಂಡು, ನಡುವಿಗೆ ಹಗ್ಗ. ಹಗ್ಗದ ತುದಿ ಹಿಡಿದು ಮೇಲೆ ನಿಂತವನು ಅಣ್ಣನೋ, ಕಾಕಾನೋ.

ಅಂಥದೇ ಹಗ್ಗ ದೂರದ ಸ್ವೀಡನ್ನಿನಲ್ಲೂ ಇದೆ. 2002ರಲ್ಲಿ ಅಲ್ಲಿನ ನಾಲ್ವರು ಗೆಳೆಯರು ಇಬ್ಬಿಬ್ಬರಾಗಿ ಪಂತ ಕಟ್ಟಿದರು. ದ್ವೀಪದಿಂದ ದ್ವೀಪಕ್ಕೆ ಓಡುತ್ತ, ಈಸುತ್ತ ಹೋಗುವುದು. ಸೋತ ಜೋಡಿ ಊಟದ ಬಿಲ್ಲು ಕೊಡುವುದು. ಗುರಿ ಮುಟ್ಟಲು ಒಂದು ದಿನಕ್ಕೂ ಹೆಚ್ಚೇ ಹಿಡಿಯಿತು! 2006ರಲ್ಲಿ ಆ ಹುಚ್ಚು ಪಂತವೇ ಸ್ಪರ್ಧೆಯಾಯಿತು. ಈ ಬಗೆಯ ಆಟಕ್ಕೆ ಈಗ ಸ್ವಿಮ್‌ರನ್ ಎಂದು ಹೆಸರು.

ಬೂಟು ಹಾಕಿಕೊಂಡೇ ಈಸುವುದು, ಒದ್ದೆ ಬಟ್ಟೆಯಲ್ಲೇ ಓಡುವುದು. ನೀರು ತುಂಬಿದ ಬೂಟು ಕಾಲನ್ನು ಕೆಳಗೆಳೆಯುತ್ತದೆ. ಅದಕ್ಕೇ ತೊಡೆಗಳ ನಡುವೆ ಒಂದು ಬೆಂಡು. ಬಹಳಷ್ಟು ಜೋಡಿಗಳು ನಡುವೆ ಹಗ್ಗವನ್ನೂ ಕಟ್ಟಿಕೊಳ್ಳುತ್ತವೆ. ಅದು ಬಿಗಿಯಾದರೆ ಸಾಕು, ಹಿಂದಿನವ ದಣಿದದ್ದು ಮುಂದಿನವನಿಗೆ ತಿಳಿಯುತ್ತದೆ.

ಈಗ ಬರೀ ಮೋಜಿಗೆಂದು ಬರುವವರಿಗೆ ಸಣ್ಣ ದೂರದ ಸ್ವಿಮ್‌ರನ್‌ಗಳೂ ಇವೆ. ದಡ ಹತ್ತಿ ಓಡತೊಡಗಿದರೆ ಬೂಟಿನೊಳಗೆ ಪಚಕ್ ಪಚಕ್. ಮೊದಲು ನಗುವವರು ಬೂಟು ಹಾಕಿದವರೇ.